ಹೊಸ ಮ್ಯಾನೇಜರ್ ಬಂದ ಮೇಲೆ ತಂಡ ನಿಜಕ್ಕೂ ಸುಧಾರಿಸಿತಾ?

ಹೊಸ ಮ್ಯಾನೇಜರ್ ಬಂದು ಐದರಲ್ಲಿ ನಾಲ್ಕು ಮ್ಯಾಚ್ ಗೆದ್ದರೆ ಅದು ಅವರದೇ ಕೈಗುಣ ಅನ್ನಬಹುದಾ ಅಂತ ಕೇಳಿದ್ದೀರಿ. ಅಷ್ಟು ಬೇಗ ಬೇಡ. ಹಳೆಯ ಮ್ಯಾನೇಜರನ್ನು ಕಳಿಸುವುದೇ ಸಾಮಾನ್ಯವಾಗಿ ತಂಡ ತಳ ಕಂಡಾಗ. ಅಲ್ಲಿಂದ ಯಾರೇ ಬಂದರೂ ಸ್ವಲ್ಪವಾದರೂ ಮೇಲೇಳುವುದೇ ಜಾಸ್ತಿ.

ಇಂಗ್ಲೆಂಡಿನ ಫುಟ್‌ಬಾಲ್ ತಂಡ ಚೆಲ್ಸಿಯ 2020-21ರ ಸೀಸನ್ ನೋಡಿ. ಮ್ಯಾನೇಜರ್ ಫ್ರಾಂಕ್ ಲ್ಯಾಂಪಾರ್ಡ್ 19 ಲೀಗ್ ಮ್ಯಾಚ್ ಆದಮೇಲೆ ಹೋದರು, ಉಳಿದ 19ಕ್ಕೆ ತೊಮಾಸ್ ಟುಖೆಲ್ ಬಂದರು. ಇಬ್ಬರಿಗೂ ಪ್ರತಿ ಎದುರಾಳಿ ಒಂದೊಂದು ಸಲ ಸಿಕ್ಕಿತು. ಆಟಗಾರರೂ ಅವರೇ. ಇಷ್ಟು ಸರಿಸಮನಾದ ಹೋಲಿಕೆ ಸಿಗುವುದು ಅಪರೂಪ. ಗೆದ್ದರೆ 3 ಪಾಯಿಂಟ್, ಸಮ ಆದರೆ 1. ಆ ಲೆಕ್ಕದಲ್ಲಿ ಲ್ಯಾಂಪಾರ್ಡ್‌ಗೆ 29 ಪಾಯಿಂಟ್, ಟುಖೆಲ್‌ಗೆ 38.

ಈಗ ಆ 29 ಅನ್ನು ಬಿಡಿಸಿ ನೋಡೋಣ. ಲ್ಯಾಂಪಾರ್ಡ್ ಅವರ ಕೊನೆಯ 8 ಮ್ಯಾಚಿನಲ್ಲಿ ಬಂದದ್ದು ಬರೀ 7. ಅದರ ಪಕ್ಕ ಇಟ್ಟರೆ ಟುಖೆಲ್ ಜಾದೂಗಾರ. ಆದರೆ ಮೊದಲ 11ರಲ್ಲಿ 22 ಬಂದಿತ್ತು, ಮ್ಯಾಚಿಗೆ 2. ಟುಖೆಲ್ ಅವರದ್ದೂ ಮ್ಯಾಚಿಗೆ ಸರಿಯಾಗಿ 2! ನಾನು ಮೊದಲ ಸಲ ಲೆಕ್ಕ ಹಾಕಿದಾಗ ನಂಬದೆ ಮತ್ತೆ ಕೂಡಿಸಿದೆ.

ಹಾಗಾದರೆ ಏನೂ ಬದಲಾಗಲಿಲ್ವಾ? ಬದಲಾಯಿತು, ಅದು ಡಿಫೆನ್ಸಿನಲ್ಲಿ ಕಾಣುತ್ತದೆ. ಆ ಒಳ್ಳೆಯ 11ರಲ್ಲೂ ಚೆಲ್ಸಿ 11 ಗೋಲು ಬಿಟ್ಟುಕೊಟ್ಟಿತ್ತು. ಟುಖೆಲ್ ಬಂದ ಮೊದಲ 10ರಲ್ಲಿ ಬಿಟ್ಟದ್ದು 2, ಅದರಲ್ಲೊಂದು ಚೆಲ್ಸಿ ಡಿಫೆಂಡರ್ ರೂಡಿಗರ್ ತಮ್ಮದೇ ಗೋಲಿಗೆ ಹೊಡೆದುಕೊಂಡದ್ದು. ಹಿಂದೆ ನಾಲ್ವರ ಬದಲು ಮೂವರನ್ನು ನಿಲ್ಲಿಸಿ, ಎರಡೂ ಬದಿಗೆ ವಿಂಗ್‌ಬ್ಯಾಕ್, ಅಂದರೆ ಅಂಚಿನಲ್ಲಿ ಹಿಂದೆಯೂ ಕಾದು ಮುಂದೆಯೂ ಓಡುವವರನ್ನು ಕೊಟ್ಟರು. ಸೆಪ್ಟೆಂಬರಿನಿಂದ ಲೀಗ್ ಮ್ಯಾಚಿಗೇ ಇಳಿಯದಿದ್ದ ಮಾರ್ಕೊಸ್ ಅಲೊನ್ಸೊಗೆ ಆ ಜಾಗ ಹೇಳಿ ಮಾಡಿಸಿದ ಹಾಗಿತ್ತು. ಟುಖೆಲ್ ಅವರ ಎರಡನೇ ಮ್ಯಾಚಿನಲ್ಲೇ, ಬರ್ನ್ಲಿ ಎದುರು, ಬಾಲನ್ನು ಎದೆಯ ಮೇಲೆ ಇಳಿಸಿಕೊಂಡು ನೆಲ ಮುಟ್ಟುವ ಮೊದಲೇ ವಾಲಿ ಹೊಡೆದು ಗೋಲು ಮಾಡಿದರು. ಇರುವ ಆಟಗಾರನಿಗೇ ಸರಿಯಾದ ಜಾಗ ಹುಡುಕಿಕೊಡುವುದು, ನನ್ನ ಮಟ್ಟಿಗೆ ಇದೇ ದೊಡ್ಡ ಗುರುತು.

ಇದಕ್ಕೆ ಬೆಲೆಯನ್ನೂ ತೆತ್ತರು. ಲ್ಯಾಂಪಾರ್ಡ್ ತಂಡ ಮೊದಲ 11ರಲ್ಲೇ 25 ಗೋಲು ಹೊಡೆದಿತ್ತು. ಟುಖೆಲ್ ತಂಡಕ್ಕೆ 25 ಆಗಲು 19 ಮ್ಯಾಚೂ ಬೇಕಾಯಿತು.

ಹಳಬರ ಪಾಲನ್ನೂ ಮರೆಯಬೇಡಿ. ಅದೇ ಸೀಸನ್ನಿನಲ್ಲಿ ಟುಖೆಲ್ ಕೈಯಲ್ಲಿ ಚೆಲ್ಸಿ ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್ ಗೆದ್ದಿತು. ಪೋರ್ಟೊ ನಗರದಲ್ಲಿ ಆ ಫೈನಲ್ ಗೆಲ್ಲಿಸಿದ ಗೋಲು ಹಾವರ್ಟ್ಜ್ ಅವರದು, ಪಾಸ್ ಮೌಂಟ್ ಅವರದು, ಗೋಲ್‌ಕೀಪರ್ ಮೆಂಡಿ. ಹಾವರ್ಟ್ಜ್, ಮೆಂಡಿ ಬಂದದ್ದು ಲ್ಯಾಂಪಾರ್ಡ್ ಕಾಲದಲ್ಲಿ. ಮೌಂಟ್‌ರನ್ನು ನಂಬಿ ಬೆಳೆಸಿದ್ದೂ ಅವರೇ. ಬಿತ್ತಿದವರು ಒಬ್ಬರು, ಕೊಯ್ದವರು ಇನ್ನೊಬ್ಬರು, ಅಲ್ವಾ?

ನಿಮ್ಮ ತಂಡಕ್ಕೂ ಹೀಗೇ ಮಾಡಿ. ಹಳಬರ ಕೊನೆಯ ಸೋಲುಗಳ ಜೊತೆ ಹೋಲಿಸಬೇಡಿ, ಅವರ ಒಳ್ಳೆಯ ದಿನಗಳ ಜೊತೆ ಹೋಲಿಸಿ. ಹೊಡೆದ ಗೋಲು, ಬಿಟ್ಟ ಗೋಲು ಬೇರೆ ಬೇರೆ ಬರೆದುಕೊಳ್ಳಿ. ಐದು ಮ್ಯಾಚ್ ಸಾಲದು, ಕನಿಷ್ಠ ಎಲ್ಲಾ ಎದುರಾಳಿಗಳೂ ಒಂದು ಸುತ್ತು ಮುಗಿಯಲಿ. ಆಮೇಲೆ ಅಂಕಿಗಳನ್ನು ಇಲ್ಲೇ ಹಾಕಿ, ನಾನೂ ಕೂತು ನೋಡುತ್ತೇನೆ.