ಹೊಡೆಯಬಾರದು ಎಂಬ ನಿಯಮವನ್ನೂ ಆಟಿಕೆಯನ್ನು ಜಾಗದಲ್ಲಿಡಬೇಕು ಎಂಬ ನಿಯಮವನ್ನೂ ಪುಟ್ಟ ಮಕ್ಕಳು ಒಂದೇ ಎಂದು ತಿಳಿಯುತ್ತಾರೆಯೇ?

ಇಲ್ಲ. ಎರಡನ್ನೂ ದೊಡ್ಡವರೇ ಹೇಳಿಕೊಟ್ಟರೂ, ಮೂರು-ನಾಲ್ಕು ವರ್ಷದ ಮಕ್ಕಳು ಅವುಗಳನ್ನು ಬೇರೆ ಬೇರೆಯಾಗಿ ಕಾಣತೊಡಗುತ್ತಾರೆ. ಅಮೆರಿಕದ ಮನೋವಿಜ್ಞಾನಿ ಜುಡಿತ್ ಸ್ಮೆಟಾನಾ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಾಲೆಗೆ ಸೇರುವ ಮುನ್ನಿನ ವಯಸ್ಸಿನ ಮಕ್ಕಳು ಇನ್ನೊಬ್ಬರನ್ನು ಹೊಡೆಯುವುದನ್ನು ಹೆಚ್ಚು ಗಂಭೀರವೆಂದೂ, ಅದನ್ನು ತಡೆಯುವ ನಿಯಮವಿಲ್ಲದಿದ್ದರೂ ತಪ್ಪೇ ಎಂದೂ ಹೇಳುವುದು ಹೆಚ್ಚಾಗಿ ಕಂಡುಬಂತು. ಆಟಿಕೆಯನ್ನು ಜಾಗದಲ್ಲಿ ಇಡದಿರುವಂಥ ತಪ್ಪುಗಳನ್ನು ಅವರು ನಿಯಮದ ಮೇಲೆಯೇ ಅವಲಂಬಿಸಿ ಅಳೆದರು.

ಈ ವ್ಯತ್ಯಾಸದ ಮೂಲ ಮಗುವಿನ ಅನುಭವದಲ್ಲೇ ಇದೆ ಎಂಬುದು ಅಮೆರಿಕದ ಮನೋವಿಜ್ಞಾನಿ ಎಲಿಯಟ್ ಟ್ಯುರಿಯಲ್ ಅವರ ವಿವರಣೆ, ಮತ್ತು ನನಗೆ ಅದು ಒಪ್ಪಿಗೆಯಾಗುತ್ತದೆ. ಹೊಡೆದಾಗ ಎದುರಿನ ಮಗು ಅಳುತ್ತದೆ, ಹೊಡೆಸಿಕೊಂಡಾಗ ತನಗೇ ನೋಯುತ್ತದೆ. ತಪ್ಪು ಏಕೆ ತಪ್ಪೆಂಬುದನ್ನು ಯಾರೂ ವಿವರಿಸಬೇಕಾಗಿಲ್ಲ. ಊಟದ ಮನೆಯೊಳಗೆ ಚಪ್ಪಲಿ ಹಾಕಿಕೊಂಡು ಬಂದರೆ ಯಾರಿಗೂ ನೋವಾಗುವುದಿಲ್ಲ, ಅಜ್ಜಿ ಗದರುತ್ತಾರಷ್ಟೆ. ಆದ್ದರಿಂದ ಅದು ಈ ಮನೆಯ ಪದ್ಧತಿ, ಬೇರೆಡೆ ಬೇರೆ ಇರಬಹುದು ಎಂದು ಮಗು ಕ್ರಮೇಣ ಊಹಿಸಿಕೊಳ್ಳುತ್ತದೆ.

ಗೆರೆ ಎಲ್ಲೆಡೆ ಇಷ್ಟು ಸ್ಪಷ್ಟವಾಗಿರುವುದಿಲ್ಲ. ಅಮೆರಿಕದ ಮಾನವಶಾಸ್ತ್ರಜ್ಞ ರಿಚರ್ಡ್ ಶ್ವೇಡರ್ ಮತ್ತು ಸಂಗಡಿಗರು ಭುವನೇಶ್ವರದಲ್ಲಿ ನಡೆಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕನ್ನರು ಬರಿಯ ರೂಢಿಯೆನ್ನುವ ಆಹಾರ ಸಂಬಂಧಿ ಕಟ್ಟಳೆಗಳನ್ನೂ ಅಲ್ಲಿನ ಮಕ್ಕಳು ಮತ್ತು ಹಿರಿಯರು ಮೀರಬಾರದ ಧರ್ಮವೆಂದೇ ಪರಿಗಣಿಸಿದ್ದರು.