ಅವಳ ಝೀರೋ ತಪ್ಪಾಗಿರಲಿಲ್ಲ

ಪ್ರತಿ ವರ್ಷ ಓಣಂ ಪರೀಕ್ಷೆಗೆ, ಅಂದರೆ ಕೇರಳದ ಮೊದಲ ಟರ್ಮಿನ ಪರೀಕ್ಷೆಗೆ, ಮೊದಲು ಇಂಥ ಒಬ್ಬರಾದರೂ ನನ್ನಲ್ಲಿಗೆ ಕೌನ್ಸೆಲಿಂಗಿಗೆ ಬರುತ್ತಾರೆ. ಹತ್ತರವರೆಗೆ ಕನ್ನಡ ಮಾಧ್ಯಮ, ಒಳ್ಳೆ ಮಾರ್ಕು. ಪ್ಲಸ್ ವನ್ (ಹನ್ನೊಂದನೇ ಕ್ಲಾಸು) ಸಯನ್ಸ್ ಸೇರಿದ ಮೇಲೆ ಮಾತು ಬಂದ್. ಈ ಹುಡುಗಿ ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯವಳು, ಉಳಿದ ವಿವರ ಬೇಡ. ಫಿಸಿಕ್ಸ್ ಪೀರಿಯಡ್ ಇದ್ದ ದಿನ ಹೊಟ್ಟೆನೋವು. "ಇವಳಿಗೆ ಆಗುವುದಿಲ್ಲ ಟೀಚರೇ, ಕಾಮರ್ಸಿಗೆ ಹಾಕುವಾ" ಅಂದರು ಅಪ್ಪ.

ಎರಡು ಸಲ ಬಂದರೂ ಅವಳು ಬಾಯಿ ಬಿಡಲಿಲ್ಲ. ಮೂರನೇ ಸಲ ನೋಟ್ಸ್ ತರಲು ಹೇಳಿದೆ. ಚಲನೆಯ ಪಾಠದಲ್ಲಿ ಒಂದು ಲೆಕ್ಕದ ಮೇಲೆ ಪೆನ್ನಿನಿಂದ ಗೀಚಿ ಗೀಚಿ ಹಾಳೆ ತೂತಾಗಿತ್ತು. ಒಬ್ಬ 60 ಮೀಟರ್ ನಡೆದು ಹೊರಟಲ್ಲಿಗೇ ವಾಪಸ್ ಬರುತ್ತಾನೆ. ಒಟ್ಟು 2 ನಿಮಿಷ. ಫಿಸಿಕ್ಸ್ ಮಾಷ್ (ಮೇಷ್ಟ್ರು) ಮಲಯಾಳದಲ್ಲಿ ಕೇಳಿದ್ದರು: "ಶರಾಶರಿ ವೇಗತ ಎತ್ರ?" ಇವಳು ಎದ್ದು ನಿಂತು "ಝೀರೋ" ಅಂದಳು. ಕ್ಲಾಸಿಗೆ ಕ್ಲಾಸೇ ನಕ್ಕಿತು.

"ಯಾಕೆ ಝೀರೋ ಅಂದೆ?"

"ಹೊರಟಲ್ಲಿಗೇ ಬಂದನಲ್ಲ ಟೀಚರ್. ಸ್ಥಾನಪಲ್ಲಟವೇ ಇಲ್ಲ. ಮತ್ತೆ ವೇಗ ಎಲ್ಲಿಂದ?"

ಅವಳು ಹೇಳಿದ್ದು ಸರಿಯೇ! ಸ್ಪೀಡಿಗೆ ನಡೆದ ಒಟ್ಟು ದೂರ ಲೆಕ್ಕ, ವೆಲಾಸಿಟಿಗೆ ಸ್ಥಾನಪಲ್ಲಟ, ಅಂದರೆ ಹೊರಟಲ್ಲಿಂದ ಕೊನೆಗೆ ಎಷ್ಟು ಸರಿದ ಎಂಬುದು. ಕನ್ನಡದ ಪಾಠದಲ್ಲಿ ಸ್ಪೀಡಿಗೆ ಜವ, ವೆಲಾಸಿಟಿಗೆ ವೇಗ. ಮಲಯಾಳದಲ್ಲಿ ವೇಗತ ಅಂದರೆ ಸ್ಪೀಡ್, ವೆಲಾಸಿಟಿಗೆ ಪ್ರವೇಗಂ. ಮಾಷ್ ಕೇಳಿದ್ದು ಸ್ಪೀಡ್. 120 ಮೀಟರ್, 120 ಸೆಕೆಂಡ್, ಅಂದರೆ ಸೆಕೆಂಡಿಗೆ 1 ಮೀಟರ್. ಇವಳು ಹೇಳಿದ್ದು ವೆಲಾಸಿಟಿ, ಅದು ಝೀರೋನೇ. ಪೂರ್ತಿ ಗೊತ್ತಿಲ್ಲದ ಶಬ್ದವಾಗಿದ್ದರೆ ಪಕ್ಕದವಳನ್ನಾದರೂ ಕೇಳುತ್ತಿದ್ದಳು. ಗೊತ್ತಿರುವ ಶಬ್ದದ ಹಾಗೇ ಕೇಳಿಸಿದ್ದು ಎಡವಟ್ಟಾಯಿತು.

ಇದನ್ನು ಹೇಳಿದಾಗ ಅವಳು ನಗಲಿಲ್ಲ, ಸಿಟ್ಟಾದಳು. "ಹಾಗಾದರೆ ಅವರು ಯಾಕೆ ನಕ್ಕದ್ದು?" ಆ ಸಿಟ್ಟು ನೋಡಿ ನನಗೆ ಸಮಾಧಾನವಾಯಿತು. ಅಷ್ಟು ದಿನ ಅವಳು ತನ್ನನ್ನೇ ದಡ್ಡಿ ಅಂದುಕೊಂಡಿದ್ದಳು.

ಸಲಹೆ ದೊಡ್ಡದೇನಲ್ಲ. ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆದು ಕನ್ನಡ, ಮಲಯಾಳ, ಇಂಗ್ಲಿಷ್ ಪಕ್ಕಪಕ್ಕ ಬರೆಯುವುದು. ವೇಗೋತ್ಕರ್ಷ, ತ್ವರಣಂ, ಆಕ್ಸಲರೇಶನ್. ಸ್ಥಾನಪಲ್ಲಟ, ಸ್ಥಾನಾಂತರಂ, ಡಿಸ್‌ಪ್ಲೇಸ್‌ಮೆಂಟ್. ಓಣಂ ಪರೀಕ್ಷೆ ಮುಗಿಯುವ ತನಕ ಕಾಮರ್ಸಿನ ಮಾತೆತ್ತುವುದು ಬೇಡ ಅಂತ ಅಪ್ಪನಿಗೆ ಹೇಳಿದೆ. ಮಾಷ್ ಹತ್ತಿರ ಒಬ್ಬಳೇ ಹೋಗಿ, ಝೀರೋ ಅಂದದ್ದು ಯಾಕೆಂದು ವಿವರಿಸು ಅಂದೆ. ದೂರು ಕೊಡಲು ಅಲ್ಲ. ಕನ್ನಡ ಬಾರದ ಅವರಿಗೆ ಇದು ಹೇಗೆ ಗೊತ್ತಾಗಬೇಕು?

"ನೀವು ಕೌನ್ಸೆಲಿಂಗ್ ಮಾಡಿದ್ದೋ, ಟ್ಯೂಷನ್ ಕೊಟ್ಟದ್ದೋ?" ಅಂತ ಒಬ್ಬರು ಕೇಳಿದರು. ಉಸಿರಾಟದ ವ್ಯಾಯಾಮ ನಾನೂ ಹೇಳಿಕೊಡುತ್ತೇನೆ. ಆದರೆ ಒಂದು ಶಬ್ದದಿಂದ ಬಂದ ಹೆದರಿಕೆಗೆ ಸುಮ್ನೆ ಉಸಿರು ಎಳೆದು ಬಿಟ್ಟರೆ ಏನು ಬಂತು? "ಮಲಯಾಳ ಕಲಿ" ಅಂತ ಹೇಳಿ ಕಳಿಸುವುದು ಇನ್ನೂ ಸುಲಭವಿತ್ತು. ಅವಳಿಗೆ ಮಲಯಾಳ ಬರುತ್ತದೆ, ಅಂಗಡಿಯಲ್ಲಿ, ಬಸ್ಸಿನಲ್ಲಿ ಮಾತಾಡುವಷ್ಟು. ಪ್ರವೇಗಂ ಅಂಗಡಿಯಲ್ಲಿ ಸಿಗುವುದಿಲ್ಲ ಅಲ್ವಾ?

ಮಾಷ್ ಹತ್ತಿರ ಹೋಗಲು ಅವಳು ಮೂರು ವಾರ ತೆಗೆದುಕೊಂಡಳು. ಹೊಟ್ಟೆನೋವು ಕಡಿಮೆಯಾಗಿದೆ. ಮಾರ್ಕು ಪಾಸಿನ ಗೆರೆಯಿಂದ ಸ್ವಲ್ಪ ಮೇಲೆ, ಅಷ್ಟೇ. ಗ್ರಾಫ್ ಕಂಡರೆ ಇನ್ನೂ ಕೈ ನಡುಗುತ್ತದಂತೆ. ಅದಕ್ಕೆ ಯಾವ ಭಾಷೆಯನ್ನೂ ದೂರುವ ಹಾಗಿಲ್ಲ.