ಹಂದಿ ಲಸಿಕೆ: ನಿಮ್ಮ ಪ್ರಶ್ನೆಗೆ ನಮ್ಮ ಉತ್ತರ

ಪ್ರಶ್ನೆ: ಲಸಿಕೆಗಾಗಿ ಹಂದಿ ಜ್ವರದ ವೈರಸ್ಸಿನ ಇ2 ಜೀನನ್ನು (ಅದರ ಹೊರಕವಚದ ಪ್ರೋಟೀನಿನದು) ವೆಕ್ಟರ್, ಅಂದರೆ ಜೀನು ಸಾಗಿಸುವ ವಾಹಕವಾದ ಅಡೆನೋವೈರಸ್ 5ರೊಳಗೆ ಸೇರಿಸಿದ್ದೇವೆ. ಲ್ಯಾಬಿನಲ್ಲಿ ಬೆಳೆಸುವ ಎಚ್‌ಇಕೆ 293 ಕೋಶಗಳಲ್ಲಿ ವೈರಸ್ ಚೆನ್ನಾಗಿ ಬೆಳೆಯುತ್ತಿದೆ, ಪಿಸಿಆರ್‌ನಲ್ಲಿ ಜೀನೂ ಇದೆ. ವೆಸ್ಟರ್ನ್ ಬ್ಲಾಟ್‌ನಲ್ಲಿ (ಆಂಟಿಬಾಡಿಯಿಂದ ಪ್ರೋಟೀನ್ ಗುರುತಿಸುವ ಪರೀಕ್ಷೆ) ಮಾತ್ರ ಪ್ರೋಟೀನ್ ಕಾಣುವುದಿಲ್ಲ. ಏಕೆ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಪುಣೆ

ಉತ್ತರ: ಮೊದಲು ಆರ್‌ಎನ್‌ಎ ನೋಡಿ. ಹಂದಿ ಜ್ವರದ್ದು ಆರ್‌ಎನ್‌ಎ ವೈರಸ್. ಅದು ಬೆಳೆಯುವುದೆಲ್ಲ ನ್ಯೂಕ್ಲಿಯಸ್ಸಿನ ಹೊರಗೆ. ಅದೇ ಜೀನು ಅಡೆನೋವೈರಸ್ ಏರಿ ಬಂದಾಗ ನ್ಯೂಕ್ಲಿಯಸ್ಸಿನೊಳಗೆ ನಕಲಾಗುತ್ತದೆ. ಜೀನಿನಲ್ಲಿ ಅಡಗಿರುವ ಸ್ಪ್ಲೈಸ್ ಜಾಗಗಳ (ಆರ್‌ಎನ್‌ಎ ಕತ್ತರಿಸಿ ಜೋಡಿಸುವ ಗುರುತುಗಳ) ನಡುವಿನ ಭಾಗವನ್ನು ಕೋಶ ಅಲ್ಲಿ ಇಂಟ್ರಾನ್ (ಬೇಡದ ತುಂಡು) ಎಂದು ಭಾವಿಸಿ ಕತ್ತರಿಸಬಹುದು. ಡಿಎನ್‌ಎ ಮೇಲೆ ಮಾಡಿದ ಪಿಸಿಆರ್‌ಗೆ ಇದು ಗೊತ್ತೇ ಆಗುವುದಿಲ್ಲ. ಸೋಂಕು ತಗಲಿಸಿದ ಕೋಶಗಳ ಆರ್‌ಎನ್‌ಎ ತೆಗೆದು, ಉಳಿದ ಡಿಎನ್‌ಎ ಕರಗಿಸಲು ಡಿಎನ್‌ಏಸ್ ಹಾಕಿ, ಜೀನಿನ ಎರಡೂ ತುದಿಯ ಪ್ರೈಮರ್ ಬಳಸಿ ಆರ್‌ಟಿ-ಪಿಸಿಆರ್ (ಆರ್‌ಎನ್‌ಎಯನ್ನು ಡಿಎನ್‌ಎಗೆ ನಕಲಿಸಿ ಮಾಡುವ ಪಿಸಿಆರ್) ಮಾಡಿ. ಪೂರ್ತಿ ಇ2 ಸುಮಾರು 1,100 ಬೇಸ್ ಉದ್ದ. ಅದಕ್ಕಿಂತ ಗಿಡ್ಡ ಬ್ಯಾಂಡ್ ಬಂದರೆ ಸ್ಪ್ಲೈಸ್ ಜಾಗಗಳನ್ನು ಅಳಿಸಿ, ಕೋಡಾನ್‌ಗಳನ್ನು (ಜೀನಿನ ಮೂರಕ್ಷರದ ಸಂಕೇತಗಳನ್ನು) ಹಂದಿಗೆ ಹೊಂದಿಸಿ ಜೀನನ್ನು ಹೊಸದಾಗಿ ಸಿಂಥೆಸಿಸ್ ಮಾಡಿಸಬೇಕು.

ಬ್ಯಾಂಡ್ ಸರಿಯಿದ್ದರೆ ಜೀನಿನ ಆರಂಭ ನೋಡಿ. ಈ ವೈರಸ್ ಎಲ್ಲ ಪ್ರೋಟೀನುಗಳನ್ನೂ ಒಂದೇ ಸರಪಳಿಯಾಗಿ ಮಾಡಿ ಆಮೇಲೆ ತುಂಡರಿಸುತ್ತದೆ. ಹಾಗಾಗಿ ಇ2ಗೆ ಸ್ವಂತ ಎಟಿಜಿ (ಪ್ರೋಟೀನ್ ಶುರುವಾಗುವ ಗುರುತು) ಇಲ್ಲ, ಸಿಗ್ನಲ್ ಪೆಪ್ಟೈಡ್ (ಪ್ರೋಟೀನನ್ನು ಕೋಶದ ಹೊರದಾರಿಗೆ ಒಯ್ಯುವ ತುಂಡು) ಇರುವುದೂ ಸರಪಳಿಯಲ್ಲಿ ಅದರ ಹಿಂದಿನ ಇ1 ಪ್ರೋಟೀನಿನ ಬಾಲದಲ್ಲಿ. ಬರೀ ಇ2 ಕತ್ತರಿಸಿ ತಂದವರು ಇವೆರಡನ್ನೂ ಕಳೆದುಕೊಂಡಿರುತ್ತಾರೆ. ಬಹಳ ಜನ ಎಡವುವುದು ಇಲ್ಲೇ. ಪೊರೆಯಲ್ಲಿ ಹೂತಿರುವ ಕೊನೆಯ ಟ್ರಾನ್ಸ್‌ಮೆಂಬ್ರೇನ್ ಭಾಗ ತೆಗೆದಿದ್ದರೆ ಪ್ರೋಟೀನ್ ಹೊರಗೆ ಸೋರಿರುತ್ತದೆ, ಆದ್ದರಿಂದ ಮೀಡಿಯಾವನ್ನೂ (ಕೋಶ ಬೆಳೆಸಿದ ದ್ರವ) ಜೆಲ್‌ನಲ್ಲಿ ಓಡಿಸಿ. ನಿಮ್ಮ ಆಂಟಿಬಾಡಿ ಪ್ರೋಟೀನಿನ ಮಡಿಕೆಯನ್ನು ಗುರುತಿಸುವಂಥದ್ದಾದರೆ ಪ್ರೋಟೀನಿನ ಬಂಧ ಬಿಡಿಸುವ ಮರ್ಕ್ಯಾಪ್ಟೋಎಥನಾಲ್ ಹಾಕದ, ಕುದಿಸದ ಸ್ಯಾಂಪಲ್ಲನ್ನೂ ಪಕ್ಕದಲ್ಲಿಡಿ. ಅದರಲ್ಲಿ 55 ಕಿಲೋಡಾಲ್ಟನ್ ಬದಲು ಅದರ ಸುಮಾರು ಎರಡರಷ್ಟು ತೂಕದ, ಎರಡು ಇ2 ಅಂಟಿದ ಜೋಡಿ ಕಾಣಬೇಕು.

ಹಂದಿಗೆ ಚುಚ್ಚುವ ಮುನ್ನ ಇನ್ನೊಂದು ಕೆಲಸ ತಪ್ಪಿಸಬೇಡಿ. 293 ಕೋಶಗಳಲ್ಲಿರುವ ಇ1 ಜೀನು ವೆಕ್ಟರಿಗೆ ಮರಳಿ ಸೇರಿ, ತಾನೇ ಬೆಳೆಯಬಲ್ಲ ಅಡೆನೋವೈರಸ್ ಹುಟ್ಟಬಹುದು (ಇದು ಅಡೆನೋವೈರಸ್ಸಿನ ಇ1, ಮೇಲೆ ಹೇಳಿದ್ದಲ್ಲ). ಇ1 ಇಲ್ಲದ ಎ549 ಕೋಶಗಳ ಮೇಲೆ ಪ್ರತಿ ಬ್ಯಾಚನ್ನೂ ಬೆಳೆಸಿ ನೋಡಿ; ಅಲ್ಲಿ ಬೆಳೆದರೆ ಅಂಥ ವೈರಸ್ ಇದೆ ಎಂದರ್ಥ.

ಪ್ರಶ್ನೆ: ಆಫ್ರಿಕನ್ ಹಂದಿ ಜ್ವರಕ್ಕೂ ಇಂಥ ಲಸಿಕೆ ಬಂದಿದೆಯೇ?
– ಹಂದಿ ಸಾಕಣೆದಾರರು, ಮಡಗಾಂವ್

ಉತ್ತರ: ಇಂಥ ವೆಕ್ಟರ್ ಲಸಿಕೆ ಮಾರಾಟಕ್ಕೆ ಬಂದಿಲ್ಲ. ಆ ವೈರಸ್ಸಿಗೆ 150ಕ್ಕೂ ಹೆಚ್ಚು ಜೀನುಗಳಿವೆ, ಒಂದೆರಡನ್ನು ಹಾಕಿದರೆ ಸಾಲದು. ಎಂಟು ಜೀನುಗಳನ್ನು ಮೊದಲು ಅಡೆನೋವೈರಸ್, ನಂತರ ಎಂವಿಎ (ದುರ್ಬಲಗೊಳಿಸಿದ ವ್ಯಾಕ್ಸೀನಿಯಾ ವೈರಸ್) ವೆಕ್ಟರಿನಲ್ಲಿ ಕೊಟ್ಟ ಪ್ರಯೋಗದಲ್ಲಿ ಹಂದಿಗಳು ಬದುಕಿದವು, ಆದರೆ ಕಾಯಿಲೆ ಬೀಳುವುದು ತಪ್ಪಲಿಲ್ಲ. ಸಾಮಾನ್ಯ ಹಂದಿ ಜ್ವರದ ಲಸಿಕೆ ಇದನ್ನು ತಡೆಯುವುದಿಲ್ಲ. ಆದರೂ ಅದನ್ನು ಹಾಕಿಸಿ. ರೋಗ ಬರದಂತೆ ಹಂದಿಗಳಿಗೆ ಹೋಟೆಲ್ ಮುಸುರೆಯನ್ನು ಹಾಕಲೇಬೇಡಿ. ಬೇರೆ ದಾರಿಯಿಲ್ಲದಿದ್ದರೆ, ತಳ ಹಿಡಿಯದಂತೆ ಕಲಕುತ್ತಾ 30 ನಿಮಿಷ ಕುದಿಸಿ, ಹಸಿ ಮುಸುರೆ ತಂದ ಬಕೆಟ್ಟನ್ನು ಬೇಯಿಸಿದ್ದಕ್ಕೆ ತಾಗಿಸದೆ ಕೊಡಿ.